ಪೈಜಾಮ ಕೋಳಿ ನೋಡಲು ಮಾರಿಕಣಿವೆ ದಾರಿಯಲ್ಲಿ

ಹೋದ ವರ್ಷ ಪಾರ್ಸೆಲ್‌ನಲ್ಲಿ ತರಿಸಿದ 12 ಕೊಚ್ಚಿನ್ ತಳಿಯ ಕೋಳಿಮೊಟ್ಟೆಗಳಲ್ಲಿ ಮೂರು ದಾರಿಯಲ್ಲೇ ಒಡೆದಿದ್ದವು. ಉಳಿದ ಒಂಬತ್ತನ್ನು ಇನ್‌ಕ್ಯುಬೇಟರ್‌ನಲ್ಲಿಟ್ಟು 21 ದಿನ ಕಾದೆ. ಆಸೆ ಬಿಡಲಾರದೆ ಇನ್ನೂ ಮೂರು ದಿನ ಕಾದೆ. ಒಂದರಿಂದಲೂ ಮರಿ ಬರಲಿಲ್ಲ. ಮಾರಿದವರಿಗೆ ಫೋನ್ ಮಾಡಿದರೆ "ನಿಮ್ ಮಷಿನ್ ಸರಿಯಿಲ್ಲ ಬಿಡಿ" ಅಂದರು. ಅದೇ ಮಷಿನ್ನಿನಲ್ಲಿ ಅದರ ಹಿಂದಿನ ತಿಂಗಳು ಜವಾರಿ ಮೊಟ್ಟೆಗಳು ಸಲೀಸಾಗಿ ಮರಿಯಾಗಿದ್ದವು. ಜಗಳ ಆಡಿ ಪ್ರಯೋಜನವಿರಲಿಲ್ಲ. ಇನ್ನೊಮ್ಮೆ ತಂದರೆ ನಾನೇ ಹೋಗಿ, ತೊಡೆ ಮೇಲಿಟ್ಟುಕೊಂಡೇ ತರುವುದು ಅಂತ ಅವತ್ತೇ ತೀರ್ಮಾನ ಮಾಡಿದ್ದೆ.

ಹಿರಿಯೂರಿನ ಭಾವ ಅಕ್ಟೋಬರ್‌ನಲ್ಲಿ ಫೋನ್ ಮಾಡಿ, "ಮಾರಿಕಣಿವೆ ಕಡೆ ಒಂದು ತೋಟದಲ್ಲಿ ಪೈಜಾಮ ಹಾಕ್ಕೊಂಡಿರೋ ಕೋಳಿ ಇದಾವಂತೆ ಕಣಯ್ಯ, ನೀನು ಹುಡುಕ್ತಿದ್ದೆಯಲ್ಲ ಅದೇನಾ?" ಅಂದರು. ಕಾಲಿನ ಬೆರಳ ತನಕ ಪುಕ್ಕ ಇದೆಯಾ ಕೇಳಿದೆ. "ಬೆರಳೇ ಕಾಣಲ್ಲ" ಅಂದರು. ಭಾನುವಾರ ಬೆಳಗ್ಗೆ ಆರೂವರೆಗೆ ದಾವಣಗೆರೆಯಲ್ಲಿ ಬಸ್ ಹತ್ತಿದೆ. ಬೆಣ್ಣೆ ದೋಸೆ ಅಂಗಡಿಗಳು ಇನ್ನೂ ಕಾವಲಿ ಕಾಯಿಸುತ್ತಿದ್ದವು, ತಿನ್ನಲಾಗಲಿಲ್ಲ. ಆ ಸಂಕಟ ಹಿರಿಯೂರು ತನಕ ಇತ್ತು.

ಹೈವೇ ಬಗ್ಗೆ ಹೇಳುವಂಥದ್ದೇನಿಲ್ಲ. ಚಿತ್ರದುರ್ಗ ಬಂದಾಗ ಗುಡ್ಡದ ಮೇಲಿನ ಗಾಳಿಯಂತ್ರಗಳು ಅರ್ಧ ಮಂಜಿನಲ್ಲಿ ಮುಳುಗಿದ್ದವು, ರೆಕ್ಕೆ ಮಾತ್ರ ಬಂದು ಬಂದು ಹೋಗುತ್ತಿತ್ತು. ಹಿಂದಿನ ರಾತ್ರಿ ಮಳೆ ಚೆನ್ನಾಗಿ ಬಿದ್ದಿತ್ತು. ಹಿರಿಯೂರಿನಲ್ಲಿ ಭಾವ ಬೈಕ್ ಹಿಡಿದು ನಿಂತಿದ್ದರು.

"ಕೊಚ್ಚಿನ್ ಅಂದ್ರೆ ಕೊಚ್ಚಿಯಿಂದ ಬಂದಿದ್ದಾ?" ಅಂತ ಅವರು ಕೇಳಿದ್ದು ನ್ಯಾಯವಾದ ಪ್ರಶ್ನೆಯೇ. ನಾನೂ ಒಂದು ಕಾಲದಲ್ಲಿ ಹಾಗೇ ನಂಬಿದ್ದೆ. ಈ ಕೋಳಿಗೂ ಕೇರಳಕ್ಕೂ ಏನೂ ಸಂಬಂಧವಿಲ್ಲ. ಇದು ಚೀನಾದ್ದು. 1840ರ ದಶಕದಲ್ಲಿ ಹಡಗು ಹತ್ತಿ ಇಂಗ್ಲೆಂಡಿಗೆ ಹೋಯಿತು, ಆಮೇಲೆ ಅಮೆರಿಕಕ್ಕೆ. ಮೊದಮೊದಲು ಶಾಂಘೈ ಕೋಳಿ ಅಂತಲೂ ಕರೆಯುತ್ತಿದ್ದರು. ಈಗಿನ ದಕ್ಷಿಣ ವಿಯೆಟ್ನಾಂಗೆ ಆಗ ಕೊಚಿನ್-ಚೈನಾ ಎಂಬ ಹೆಸರಿತ್ತು, ಅದು ಹೇಗೋ ಕೋಳಿಗೆ ಅಂಟಿಕೊಂಡಿತು. ವಿಕ್ಟೋರಿಯಾ ರಾಣಿಯ ಕೋಳಿಮನೆಯಲ್ಲಿ ಇಂಥ ಚೀನಾ ಕೋಳಿಗಳು ಸೇರಿದ್ದೇ ತಡ, ಎರಡೂ ದೇಶದ ಜನಕ್ಕೆ ಕೋಳಿ ಹುಚ್ಚು ಹಿಡಿಯಿತು. 1874ರಲ್ಲಿ ಅಮೆರಿಕದವರು ಕೋಳಿ ತಳಿಗಳ ಲಕ್ಷಣ ಬರೆದಿಟ್ಟ ಪುಸ್ತಕದಲ್ಲಿ ಇದಕ್ಕೂ ಜಾಗ ಕೊಟ್ಟರು. ಬೈಕಿನ ಹಿಂದೆ ಕೂತು ಇಷ್ಟನ್ನೂ ಕೂಗಿ ಕೂಗಿ ಹೇಳಿದೆ. ಭಾವ ಹೆಲ್ಮೆಟ್ಟಿನೊಳಗಿಂದ, "ರೇಟೆಷ್ಟು?" ಅಂದರು.

ರೇಟು ಇಲ್ಲಿ ಬರೆಯುವುದಿಲ್ಲ. ಮನೆಯವರೂ ಓದುತ್ತಾರೆ.

ತೋಟದ ಗೇಟಿನಲ್ಲೇ ನಮ್ಮನ್ನು ತಡೆದರು. ತೋಟದ ಅಕ್ಕನಿಗೆ ಐವತ್ತರ ಮೇಲಿರಬಹುದು. ನೈಟಿ ಮೇಲೊಂದು ಟವೆಲ್, ಕೈಯಲ್ಲಿ ಬಕೆಟ್. "ನಿಮ್ ಮನೇಲಿ ಕೋಳಿ ಇದಾವಾ ಅಣ್ಣ?" ಇದಾವೆ ಅಂದೆ. "ಹಂಗಾದ್ರೆ ಚಪ್ಪಲಿ ಅಲ್ಲೇ ಬಿಡಿ, ಕಾಲು ತೊಳ್ಕೊಂಡು ಈ ಸುಣ್ಣ ತುಳ್ದು ಬನ್ನಿ." ಎರಡು ವರ್ಷದ ಹಿಂದೆ ಕೋಳಿ ಕೊಳ್ಳಲು ಬಂದ ಯಾರದೋ ಜೊತೆ ಕೊಕ್ಕರೆ ರೋಗ ಬಂದು ಒಂದೇ ವಾರದಲ್ಲಿ ಮೂವತ್ತು ಕೋಳಿ ಹೋದವಂತೆ. ಅವತ್ತಿನಿಂದ ಲಸಿಕೆ ತಪ್ಪಿಸಿಲ್ಲ, ಸುಣ್ಣವನ್ನೂ ತಪ್ಪಿಸಿಲ್ಲ. ಮರಿಗೆ ಮೊದಲ ವಾರದಲ್ಲೇ ಕಣ್ಣಿಗೊಂದು ಹನಿ, ದೊಡ್ಡವಾದ ಮೇಲೆ ರೆಕ್ಕೆ ಕೆಳಗೆ ಸೂಜಿ. ನಾವಿಬ್ಬರೂ ಬರಿಗಾಲಲ್ಲಿ ದೇವಸ್ಥಾನಕ್ಕೆ ಹೋಗುವವರ ಹಾಗೆ ಒಳಗೆ ಹೋದೆವು.

ತೆಂಗಿನ ನೆರಳಲ್ಲಿ ಅವು ಓಡಾಡುತ್ತಿದ್ದವು. ಓಡಾಡುತ್ತಿದ್ದವು ಅನ್ನುವುದು ದೊಡ್ಡ ಮಾತು, ಉರುಳುತ್ತಿದ್ದವು ಅನ್ನಬೇಕು. ಮೊದಲು ಕಣ್ಣಿಗೆ ಬಿದ್ದದ್ದು ಗೋಧಿ ಬಣ್ಣದ ಒಂದು ಹುಂಜ. ಎದೆ, ಬೆನ್ನು, ಬಾಲ ಎಲ್ಲೂ ಒಂದು ಮೂಲೆಯಿಲ್ಲ, ಎಲ್ಲ ದುಂಡಗೆ. ಒಂಟಿ ಜುಟ್ಟು, ಕೆಂಪು ಕಿವಿ. ಬ್ರಹ್ಮ ಅನ್ನುವ ಇನ್ನೊಂದು ತಳಿಯ ಕೋಳಿ ನೋಡಿದವರು ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ. ಬ್ರಹ್ಮನ ಜುಟ್ಟು ಗಿಡ್ಡ, ಮೂರು ಸಾಲು. ಅಕ್ಕ ಹುಂಜವನ್ನು ಗೋಣಿಚೀಲಕ್ಕಿಳಿಸಿ ತಕ್ಕಡಿಗೆ ನೇತುಹಾಕಿದರು. ಮುಳ್ಳು 4.6 ಕೆ.ಜಿ.ಯಲ್ಲಿ ನಿಂತಿತು. ಪೂರ್ತಿ ಬೆಳೆದ ಹುಂಜ 5 ಕೆ.ಜಿ., ಹ್ಯಾಟೆ 3.8 ಕೆ.ಜಿ. ತೂಗಬೇಕು ಅನ್ನುವುದು ಲೆಕ್ಕ. "ಇದಕ್ಕಿನ್ನೂ ವರ್ಷ ಒಂದೂಕಾಲು. ತಡವಾಗಿ ಬೆಳೆಯೋ ಜಾತಿ. ಆರು ತಿಂಗಳಿಗೇ ನೋಡಿ ಮಾರ್ಕೊಂಡ್ರೆ ಒಳ್ಳೇದೆಲ್ಲ ಕೈ ಬಿಟ್ಟು ಹೋಗ್ತವೆ."

ನಾನು ಹೋಗಿದ್ದು ಮೊಟ್ಟೆಗೆ. ಆದರೆ ಅಲ್ಲಿ ಕಳೆದ ನಾಲ್ಕು ಗಂಟೆಯಲ್ಲಿ ಎರಡು ಗಂಟೆ ಕಾಲು ತೊಳೆಯುವುದರಲ್ಲೇ ಹೋಯಿತು. ಕೋಳಿಯದ್ದು.

ಹಿಂದಿನ ರಾತ್ರಿಯ ಮಳೆಗೆ ತೋಟದ ಅಂಚಿನ ಎರೆಮಣ್ಣು ಅಂಟಾಗಿತ್ತು. ಬೇಲಿ ಎರಡಡಿಯದ್ದೇ. ಇವು ಹಾರುವುದಿಲ್ಲ, ಅಷ್ಟು ಸಾಕು. ಆದರೆ ಬೇಲಿಯ ಸಂದಿಯಲ್ಲಿ ಬೆಳಗ್ಗೆ ಐದಾರು ಕೋಳಿ ತೂರಿಹೋಗಿ ಎರೆಯಲ್ಲಿ ಓಡಾಡಿ ಬಂದಿದ್ದವು. ಅಕ್ಕ ಒಂದು ಕಪ್ಪು ಹ್ಯಾಟೆಯನ್ನು ತೊಡೆ ಮೇಲೆ ಮಲಗಿಸಿಕೊಂಡು ನನ್ನ ಕೈಗೆ ಅದರ ಕಾಲು ಕೊಟ್ಟರು. ನಡುಬೆರಳಿನ ಪುಕ್ಕಕ್ಕೆ ಅಡಿಕೆ ಗಾತ್ರದ ಮಣ್ಣಿನ ಉಂಡೆ ಅಂಟಿ ಒಣಗಿತ್ತು. ಕಿತ್ತುಬಿಡೋಣ ಅಂತ ಕೈ ಹಾಕಿದೆ. "ಅಯ್ಯೋ, ಎಳೀಬೇಡಿ, ಉಗುರೇ ಬರುತ್ತೆ!" ಬಿಸಿನೀರಿನ ಬಕೆಟ್ಟಿನಲ್ಲಿ ಐದು ನಿಮಿಷ ಅದ್ದಿ, ಹೆಬ್ಬೆರಳಲ್ಲಿ ಸುತ್ತಲಿಂದ ಮೆಲ್ಲಗೆ ಒತ್ತುತ್ತಾ ಹೋದರೆ ಉಂಡೆ ಬೆಲ್ಲದ ಹಾಗೆ ಕರಗಿ ಇಳಿಯುತ್ತದೆ. ಒಳಗಿನ ಚರ್ಮ ಹಳದಿಯಾಗಿ, ನೆನೆದು ಮೆತ್ತಗಾಗಿತ್ತು. ಒರೆಸಿದ ಮೇಲೆ ಹುರುಪೆಗಳ ಸಂದಿಯನ್ನು ಒಂದೊಂದಾಗಿ ನೋಡಿದರು. ಹುರುಪೆ ಮೇಲೆದ್ದಿದ್ದರೆ ಒಳಗೆ ನುಸಿ ಸೇರಿದೆ ಅಂತ ಅರ್ಥ. ಪುಕ್ಕವಿರುವ ಕಾಲಲ್ಲಿ ಅದು ತಿಂಗಳುಗಟ್ಟಲೆ ಕಾಣುವುದೇ ಇಲ್ಲ. ಎರಡು ಕಡೆ ಎದ್ದಿತ್ತು. ಬೇವಿನೆಣ್ಣೆ ಬಳಿದು ಬಿಟ್ಟರು. ಕೋಳಿ ಇಷ್ಟೂ ಹೊತ್ತು ಕಣ್ಣು ಅರೆಮುಚ್ಚಿ ಮಲಗಿತ್ತು. ನಮ್ಮ ಜವಾರಿ ಕೋಳಿಯಾಗಿದ್ದರೆ ನನ್ನ ಕೈ ರಕ್ತವಾಗುತ್ತಿತ್ತು.

"ಇವುಗಳ ಚೆಂದ ಎಲ್ಲಿದೆಯೋ ಅಲ್ಲೇ ಕೆಲಸ ಇರೋದು" ಅಂದರು ಅಕ್ಕ. ಈ ಮಾತಿನ ಅರ್ಥ ಸ್ವಲ್ಪ ಹೊತ್ತಿಗೆ ಇನ್ನೂ ಚೆನ್ನಾಗಿ ಆಯಿತು. ನನ್ನ ಒಂಬತ್ತು ಮೊಟ್ಟೆಯ ಕಥೆ ಹೇಳಿದೆ. ಅವರು ನಕ್ಕು ಒಳಗಿನಿಂದ ಒಂದು ಕತ್ತರಿ ತಂದರು. ಕುರಿ ಉಣ್ಣೆ ಕತ್ತರಿಸುವ ದೊಡ್ಡ ಕತ್ತರಿ. ಚಳ್ಳಕೆರೆ ಕಡೆಯ ತವರಿನಿಂದ ಬಂದದ್ದಂತೆ. ಹುಂಜಕ್ಕೂ ಹ್ಯಾಟೆಗೂ ಹಿಂಬದಿಯ ಪುಕ್ಕ ಎಷ್ಟು ದಟ್ಟವೆಂದರೆ ಕೂಡಿದರೂ ಕೂಡಿದಂತಾಗುವುದಿಲ್ಲ. ಮೊಟ್ಟೆ ತೆಗೆಯುವ ಹಂಗಾಮಿಗೆ ಮೊದಲು ಎರಡಕ್ಕೂ ಅಲ್ಲಿ ಸುತ್ತ ಕತ್ತರಿಸಬೇಕು. "ಪಾರ್ಸೆಲ್ ಕಳಿಸಿದೋರು ಹುಂಜದ ಚೆಂದ ಹಾಳಾಗುತ್ತೆ ಅಂತ ಕತ್ತರಿಸಿರಲ್ಲ. ಫೋಟೋಕ್ಕೆ ಬೇಕಲ್ಲ." ಭಾವ ಆಕಾಶ ನೋಡುತ್ತಿದ್ದರು.

ಒಂದು ಹುಂಜಕ್ಕೆ ನಾಲ್ಕೇ ಹ್ಯಾಟೆ ಬಿಡುತ್ತಾರೆ. ಕೊಬ್ಬಿದರೆ ಎರಡೂ ಕಡೆ ನಷ್ಟ, ಆದ್ದರಿಂದ ಮೆಕ್ಕೆಜೋಳ ಕೈಬಿಗಿ ಹಿಡಿದು ಹಾಕುತ್ತಾರೆ. ದಾವಣಗೆರೆ ಸೀಮೆಯವನು ನಾನು, ಮೆಕ್ಕೆಜೋಳ ಬಿಟ್ಟು ಬೇರೆ ಮೇವು ಗೊತ್ತಿಲ್ಲ ಅಂದದ್ದಕ್ಕೆ, "ಅದಕ್ಕೇ ನಿಮ್ಮ ಕೋಳಿಗಳು ನಿಮ್ಮಂಗೇ ಇರ್ತವೆ" ಅಂದರು ಭಾವ. ಶೇಂಗಾ ಹಿಂಡಿ ಹಾಕುವಾಗ ಅಕ್ಕ ಮೂಸಿ ನೋಡುತ್ತಾರೆ. ಬೂಸ್ಟು ಹಿಡಿದಿದ್ದು ಹೊಟ್ಟೆಗೆ ಹೋದರೆ ಕೋಳಿಯ ಈಲಿಗೇ ವಿಷ. ಬೇಸಿಗೆಯಲ್ಲಿ ಮಧ್ಯಾಹ್ನ ಮೇವೇ ಇಲ್ಲ. ಬಾಯಿ ಬಿಟ್ಟು ತೇಕುತ್ತವೆ, ಒದ್ದೆ ಗೋಣಿಚೀಲ ಕಟ್ಟಿ ನೀರು ಚಿಮುಕಿಸಬೇಕು. ಏಪ್ರಿಲ್, ಮೇನಲ್ಲಿ ಮೊಟ್ಟೆ ಕೇಳಿಕೊಂಡು ಬಂದವರನ್ನು ಅಕ್ಕ ವಾಪಸ್ ಕಳಿಸುತ್ತಾರೆ. ಆ ಬಿಸಿಲಲ್ಲಿ ಹುಂಜದ ಕಸುವೂ ಕಮ್ಮಿ. ಮಾರಬಹುದಿತ್ತು, ಯಾರಿಗೆ ಗೊತ್ತಾಗುತ್ತಿತ್ತು?

ಶೆಡ್ಡಿನ ಗೋಡೆಯೇ ಅವರ ಲೆಕ್ಕದ ಪುಸ್ತಕ. ಇದ್ದಿಲಲ್ಲಿ ತಾರೀಖು, ಯಾವ ಹುಂಜ, ಯಾವ ಹ್ಯಾಟೆ. ಕಾಲಿನ ಪ್ಲಾಸ್ಟಿಕ್ ಉಂಗುರ ಪುಕ್ಕದಲ್ಲಿ ಮುಚ್ಚಿ ಹೋಗುತ್ತದೆ, ಹಾಗಾಗಿ ರೆಕ್ಕೆಯ ಬುಡಕ್ಕೆ ಬಣ್ಣದ ದಾರ. ನೀಲಿ ಬಣ್ಣದವು ಬೇಕಿದ್ದರೆ ಹೇಗೆ ಅಂತ ಕೇಳಿದೆ. ನೀಲಿಗೆ ನೀಲಿ ಕೂಡಿಸಿದರೆ ಸರಾಸರಿ ನಾಲ್ಕರಲ್ಲಿ ಎರಡು ನೀಲಿ, ಒಂದು ಕಪ್ಪು, ಇನ್ನೊಂದು ಬಿಳಿ ಮೇಲೆ ಬೂದಿ ಚೆಲ್ಲಿದಂಥದ್ದು. ಈ ಬೂದಿ ಚೆಲ್ಲಿದ್ದನ್ನೇ ಕಪ್ಪಿಗೆ ಕೂಡಿಸಿದರೆ ಮರಿಗಳೆಲ್ಲ ನೀಲಿ. "ಚೆಂದ ಇಲ್ಲ ಅಂತ ಜನ ಬಿಟ್ಟು ಹೋಗೋ ಎರಡನ್ನ ನಾನಿಟ್ಕೊಂತೀನಿ" ಅಂದು ಕಣ್ಣು ಮಿಟುಕಿಸಿದರು.

ಮೂಲೆಯ ಮಂಕರಿಯಲ್ಲಿ ಒಂದು ಕಾವಿಗೆ ಕೂತಿತ್ತು. ಕೈ ಹಾಕಲು ಹೇಳಿದರು. ಹೊಟ್ಟೆಯಡಿ ಕೈ ತೂರಿಸಿದರೆ ಮುಂಗೈ ತನಕ ಮೆತ್ತಗೆ, ಒಲೆ ಪಕ್ಕ ಕೈ ಇಟ್ಟಂಥ ಬಿಸಿ. ಕೆಳಗೆಲ್ಲೋ ಮೊಟ್ಟೆಗಳು. ಗುರ್ ಅಂದಿತು ಅಷ್ಟೇ, ಕುಕ್ಕಲಿಲ್ಲ. ಕೂತರೆ ಏಳುವುದೇ ಇಲ್ಲವಂತೆ. ದಿನಕ್ಕೊಮ್ಮೆ ಎತ್ತಿ ಹೊರಗಿಡದಿದ್ದರೆ ನೀರು, ಮೇವು ಬಿಟ್ಟು ಸೊರಗುತ್ತದೆ. ತಾಯಿಯಾಗಿ ಇವಕ್ಕೆ ಸಾಟಿಯಿಲ್ಲ, ಭಾರವೊಂದೇ ತೊಂದರೆ. ಕಾಲಿಟ್ಟ ಕಡೆ ಮೊಟ್ಟೆ ಇದ್ದರೆ ಮುಗಿಯಿತು.

ಊಟಕ್ಕೆ ಮುದ್ದೆ, ಸೊಪ್ಪಿನ ಸಾರು. ಕೋಳಿ ಸಾರು ನಿರೀಕ್ಷಿಸಿದ್ದ ಭಾವನ ಮುಖ ನೋಡಬೇಕಿತ್ತು. ಮಾತು ಮಳೆಗೆ ತಿರುಗಿತು. ಬರದ ವರ್ಷಗಳಲ್ಲಿ ಈ ತೋಟದ ಅರ್ಧ ತೆಂಗು ಒಣಗಿ, ಕೊಳವೆಬಾವಿಗೆ ಸಾಲವಾಗಿ, ಆಗಲೇ ಕೋಳಿ ಶುರು ಮಾಡಿದ್ದಂತೆ. 1907ರಲ್ಲಿ ಕಟ್ಟಿ ಮುಗಿಸಿದ ಮಾರಿಕಣಿವೆ ಜಲಾಶಯ 1933ರಲ್ಲಿ ಒಮ್ಮೆ ಕೋಡಿ ಬಿದ್ದಿತ್ತು. ಮತ್ತೆ ಬಿದ್ದದ್ದು 2022ರಲ್ಲೇ. ಆ ದಿನ ಅಕ್ಕ ಕೋಳಿಗಳನ್ನು ಬಿಟ್ಟು ಕೋಡಿ ನೋಡಲು ಹೋಗಿದ್ದರು. ಬರುವಷ್ಟರಲ್ಲಿ ನಾಯಿ ಎರಡು ಹ್ಯಾಟೆ ಹಿಡಿದಿತ್ತು. "ಹೋಗ್ಲಿ ಬಿಡಿ, ನಮ್ಮಜ್ಜಿ ಹೇಳ್ತಿದ್ದ ಕೋಡಿ ಕಣ್ಣಲ್ಲಿ ನೋಡ್ದೆ" ಅಂದರು. ನಾವು ಮಾತ್ರ ಅಣೆಕಟ್ಟೆ ನೋಡಲಿಲ್ಲ. ಹೊತ್ತು ಉಳಿದಿರಲಿಲ್ಲ.

ಎಂಟು ಮೊಟ್ಟೆ ಆರಿಸಿ ಕೊಟ್ಟರು, ಎಲ್ಲ ನಾಲ್ಕು ದಿನದ ಒಳಗಿನವು. ಅಷ್ಟು ದೊಡ್ಡ ಕೋಳಿಗೆ ಮೊಟ್ಟೆ ಮಾತ್ರ ಸಾಧಾರಣ, ತಿಳಿಗಂದು. ಡಬ್ಬಿಯಲ್ಲಿ ಭತ್ತದ ಹೊಟ್ಟು ತುಂಬಿ, ಚೂಪು ತುದಿ ಕೆಳಗೆ ಮಾಡಿ ನೆಟ್ಟರು. "ಮನೆಗೆ ಹೋದ ತಕ್ಷಣ ಕಾವಿಗಿಡಬೇಡಿ. ಒಂದು ದಿನ ಹಂಗೇ ಬಿಡಿ, ಒಳಗಿನ ಗಾಳಿ ಜಾಗ ಕುಲುಕಾಡಿರುತ್ತೆ." ಪಾರ್ಸೆಲ್ ಬಿಚ್ಚಿದ ಹತ್ತೇ ನಿಮಿಷಕ್ಕೆ ಮಷಿನ್ನಿಗೆ ಹಾಕಿದ್ದವನು ನಾನು. ಆ ವಿಷಯ ಅವರಿಗೆ ಹೇಳಲಿಲ್ಲ.

ಬಸ್ಸಿನಲ್ಲಿ ಪಕ್ಕದ ಯಜಮಾನರು "ಏನ್ರೀ, ಪ್ರಸಾದಾನ?" ಅಂದರು. ಹೌದು ಅಂದೆ. ದಾವಣಗೆರೆ ತನಕ ಡಬ್ಬಿ ತೊಡೆ ಮೇಲಿತ್ತು, ಪ್ರತಿ ರೋಡ್ ಹಂಪ್‌ಗೂ ನಾನು ಸೀಟಿನಿಂದ ಎರಡಿಂಚು ಮೇಲೇಳುತ್ತಿದ್ದೆ.

ಈ ಸಲ ಮಷಿನ್ನಿಗೆ ಇಡಲಿಲ್ಲ. ಮನೆಯ ಜವಾರಿ ಹ್ಯಾಟೆ ಕಾವಿಗೆ ಕೂತಿತ್ತು, ಅದರ ಕೆಳಗೆ ಇಟ್ಟೆ. ಎಂಟನೇ ರಾತ್ರಿ ಟಾರ್ಚ್ ಹಿಡಿದು ನೋಡಿದಾಗ ಏಳರಲ್ಲಿ ಕೆಂಪು ನರ ಕಂಡವು. ಇಪ್ಪತ್ತೊಂದನೇ ದಿನ ಆರು ಮರಿ, ಆರಕ್ಕೂ ಬೆರಳ ತನಕ ನವಿರು. ಮರುದಿನ ಬೆಳಗ್ಗೆ ಮಂಕರಿ ಎತ್ತಿ ನೋಡಿದರೆ ತಾಯಿ ಕೋಳಿ ಒಂದು ಮರಿಯ ಕಾಲನ್ನೇ ಕುಕ್ಕುತ್ತಿತ್ತು. ಹುಲ್ಲುಕಡ್ಡಿ ಅಂಟಿದೆ ಅಂದುಕೊಂಡಿತೋ ಏನೋ, ನವಿರು ಹಿಡಿದು ಎಳೆಯುವುದು, ಮರಿ ಚಿಂವ್ ಅಂದರೆ ಬಿಡುವುದು, ತಲೆ ವಾರೆ ಮಾಡಿ ಮತ್ತೆ ನೋಡುವುದು. ಆರನ್ನೂ ಎತ್ತಿ ಬಲ್ಬಿನ ಪೆಟ್ಟಿಗೆಗೆ ಹಾಕಿ, ಅಕ್ಕನಿಗೆ ಫೋನ್ ಮಾಡಿದೆ. ಅವರು ಕೇಳಿದ್ದು ಮರಿ ಎಷ್ಟು ಅಂತಲ್ಲ.

"ನಿಮ್ಮನೆ ಅಂಗಳ ಕೆಂಪು ಮಣ್ಣೋ, ಎರೆಯೋ?"