ಹಿಡಿಕಡ್ಡಿ ಲೆಕ್ಕದ ಮಳೆ

ನಾನು ಕಾರವಾರದ ಕಡೆಯವಳು. ನಮ್ಮಲ್ಲಿ ಜೂನ್, ಜುಲೈ ಅಂದ್ರೆ ಬೋಟು ಬಂದ್, ಮನೆಯಲ್ಲಿ ಒಣಮೀನು. ಮಳೆಯನ್ನು ಯಾರೂ ಅಳೆಯುತ್ತಿರಲಿಲ್ಲ, ಸುಮ್ನೆ ಬೈಯುತ್ತಿದ್ದರು ಅಷ್ಟೆ. ಘಟ್ಟ ಹತ್ತಿ ಶಿರಸಿ ತಾಲೂಕಿನ ಈ ಶಾಲೆಗೆ ಬಂದ ಮೇಲೆಯೇ ನನಗೆ ಗೊತ್ತಾಗಿದ್ದು, ಮಳೆ ಎಷ್ಟು ಇಂಚು ಬಂತು ಅಂತ ಕವಳ ಹಾಕುತ್ತಾ ಅರ್ಧ ಗಂಟೆ ಮಾತಾಡುವ ಜನ ಇದ್ದಾರೆ ಎಂದು.

ನಮ್ಮದು ಕಿರಿಯ ಪ್ರಾಥಮಿಕ ಶಾಲೆ. ಸುತ್ತ ಅಡಿಕೆ ತೋಟ. ಐದು ತರಗತಿ, 17 ಮಕ್ಕಳು, ನಾವಿಬ್ಬರು ಅಕ್ಕೋರು. ಒಂದರಿಂದ ಮೂರನೇ ತರಗತಿಯವರು ನಲಿಕಲಿಯಲ್ಲಿ, ಅಂದ್ರೆ ಕಾರ್ಡು ಹಿಡಿದು ಚಟುವಟಿಕೆ ಮಾಡುತ್ತಾ ಕಲಿಯುವ ಪದ್ಧತಿಯಲ್ಲಿ, ಒಟ್ಟಿಗೇ ಕೂರುತ್ತಾರೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಈ ಪದ್ಧತಿ 2009ರಲ್ಲಿ ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳಿಗೂ ಬಂತು. ಕಾರ್ಡು, ಕಲಿಕಾ ಏಣಿ, ಗುಂಪಿನ ತಟ್ಟೆ ಎಲ್ಲ ಚೆನ್ನಾಗಿಯೇ ಇದೆ. ಆದರೆ ಕಾರ್ಡಿನಲ್ಲಿರುವ ಚಿತ್ರ ಕಿಟಕಿಯಾಚೆ ಕಾಣುವುದಿಲ್ಲ. ಕೈಯಲ್ಲಿ ಹಿಡಿದು ಮಾಡುವಂಥದ್ದು ಏನಾದರೂ ಬೇಕು ಅಂತ ಮೊದಲು ತರಕಾರಿ ತೋಟ ಮಾಡಿದೆವು. ಅದನ್ನು ಮಂಗಗಳು ತಿಂದವು. ಆ ಕಥೆ ಬೇಡ ಬಿಡಿ.

ಆಮೇಲೆ ಮಳೆಮಾಪಕ. ಎರಡು ಲೀಟರ್ ಬಾಟಲಿಯ ಕುತ್ತಿಗೆ ಕತ್ತರಿಸಿದೆವು. ತಳದ ಉಬ್ಬು ತಗ್ಗಿಗೆ ಒಂದಿಷ್ಟು ಸಿಮೆಂಟು ಸುರಿದು ಸಮ ಮಾಡಿದೆವು. ನೀರು ಸರಿಯಾಗಿ ಬೀಳಲಿ ಅಂತ ನಾನೇ ಜಾಣತನ ತೋರಿಸಿ, ಅಡುಗೆ ಮನೆಯಿಂದ ದೊಡ್ಡ ಲಾಳಿಕೆ ತಂದು ಮೇಲಿಟ್ಟೆ. ಆರಿದ್ರಾ ಮಳೆ ಶುರುವಾದ ವಾರ ಅದು. ಮಾರನೇ ದಿನ ಸ್ಕೇಲ್ ಹಿಡಿದು ನೋಡಿದರೆ 180 ಮಿಲಿಮೀಟರ್. ಹುಡುಗರು ಕುಣಿದರು. ನಾನೂ ಹೆಮ್ಮೆಯಿಂದ ಬೋರ್ಡಿನ ಮೇಲೆ ಬರೆದೆ.

ಶಾಲೆಯ ಹಿಂದಿನ ಮನೆಯ ಅಜ್ಜ ಕೊಡೆ ಹಿಡಿದು ಗೇಟಿನ ಹತ್ತಿರ ನಿಂತು ಅದನ್ನು ಓದಿದರು.

'ಏಳು ಇಂಚಾ ಅಕ್ಕೋರೇ? ನಮ್ಮನೆಯಲ್ಲಿ ಒಂದೂ ಮುಕ್ಕಾಲು. ನಿಮ್ಮ ಶಾಲೆ ಮೇಲೆ ಮಾತ್ರ ಬಿತ್ತಾ ಹೇಗೆ?'

ಒಂದು ಇಂಚು ಅಂದ್ರೆ 25.4 ಮಿಲಿಮೀಟರ್. ಅಜ್ಜನ ಲೆಕ್ಕ 45ರ ಹತ್ತಿರ, ನಮ್ಮದು ಅದರ ನಾಲ್ಕು ಪಟ್ಟು. ಅವರು ಹೋದ ಮೇಲೂ ನನ್ನ ಮುಖ ಬಿಸಿಯಾಗಿತ್ತು. ಲಾಳಿಕೆಯದ್ದೇ ತಪ್ಪು ಅಂತ ಹೊಳೆಯಿತು. ಅದರ ಬಾಯಿ ಬಾಟಲಿಯ ಎರಡರಷ್ಟು ಅಗಲ ಇತ್ತು. ಆದರೆ ಐದನೇ ತರಗತಿಯ ಹುಡುಗಿ ಬಿಡಲಿಲ್ಲ. 'ಎರಡರಷ್ಟು ಅಗಲ ಆದ್ರೆ ನೀರೂ ಎರಡರಷ್ಟೇ ಅಲ್ವಾ? ನಾಲ್ಕು ಹೇಗೆ?'

ಬಾಯಲ್ಲಿ ಹೇಳಿದ್ದರೆ ಹತ್ತು ನಿಮಿಷದ ಪಾಠ. ಅವತ್ತು ಇಡೀ ಮಧ್ಯಾಹ್ನ ಹೋಯಿತು. ನೆಲದ ಮೇಲೆ ಸೀಮೆಸುಣ್ಣದಿಂದ ಲಾಳಿಕೆಯ ಬಾಯಿಯ ಸುತ್ತ ಒಂದು ಗೆರೆ, ಬಾಟಲಿಯ ಸುತ್ತ ಒಂದು ಗೆರೆ ಎಳೆದೆವು. ಎರಡೂ ವೃತ್ತದಲ್ಲಿ ಹುಣಸೆ ಬೀಜ ತುಂಬುತ್ತಾ ಹೋದರು. ಸಣ್ಣದರಲ್ಲಿ 61 ಹಿಡಿಯಿತು. ದೊಡ್ಡದಕ್ಕೆ ಬೀಜ ಸಾಲದೆ ಪಕ್ಕದ ಮನೆಯಿಂದ ತಂದರು. ಅದು 247. ಆ ಹುಡುಗಿ ಎರಡು ಸಲ ಎಣಿಸಿ, ಭಾಗಿಸಿ, ಏನೂ ಹೇಳದೆ ಹೋಗಿ ಲಾಳಿಕೆಯನ್ನು ಅಡುಗೆ ಮನೆಯಲ್ಲಿಟ್ಟು ಬಂದಳು. ಬಾಟಲಿಯಿಂದ ಕತ್ತರಿಸಿದ ಕುತ್ತಿಗೆಯನ್ನೇ ತಲೆಕೆಳಗಾಗಿ ಕೂರಿಸಿದೆವು. ಬಾಯಿ, ಹೊಟ್ಟೆ ಎರಡೂ ಒಂದೇ ಅಗಲ. ಸರಿಹೋಯಿತು.

ಅಜ್ಜನ ಇನ್ನೊಂದು ತಕರಾರು ಇತ್ತು. ಮಳೆ ಅಳೆಯುವುದು ಬೆಳಿಗ್ಗೆ ಎಂಟೂವರೆಗೆ. ಹವಾಮಾನ ಇಲಾಖೆಯವರದ್ದೂ ಅದೇ ಹೊತ್ತು. ನಮ್ಮ ಮಕ್ಕಳು ಬರುವುದು ಒಂಬತ್ತೂವರೆ ಮೇಲೆ. ಎಂಟೂವರೆಗೆ ಶಾಲೆಯ ಹತ್ತಿರ ಇರುವವರು ಒಬ್ಬರೇ, ಅಡುಗೆ ಅಕ್ಕ. 2013ರಲ್ಲಿ ಕ್ಷೀರಭಾಗ್ಯ ಬಂದಾಗಿನಿಂದ ಬೇಗ ಬಂದು ಹಾಲು ಕಾಯಿಸುವವರು ಅವರೇ. ಮನೆಯೂ ಶಾಲೆಯ ಪಕ್ಕದಲ್ಲೇ. ಸ್ಕೇಲ್ ಕೊಡಲು ಹೋದರೆ, 'ಆ ಸಣ್ಣ ಗೆರೆ ಎಲ್ಲ ನಂಗೆ ಕಾಣೂದಿಲ್ಲ ಅಕ್ಕೋರೇ' ಅಂದರು.

ಮಾರನೇ ದಿನ ಅವರೇ ಒಂದು ದಾರಿ ಹುಡುಕಿದ್ದರು. ಹಿಡಿಯಿಂದ, ಅಂದ್ರೆ ಕಸಬರಿಗೆಯಿಂದ, ಒಂದು ಕಡ್ಡಿ ಕಿತ್ತು ಬಾಟಲಿಗೆ ಇಳಿಸಿ, ನೀರು ಮುಟ್ಟಿದ ಗುರುತಿಗೆ ಉಗುರು ಒತ್ತಿ, ಅಲ್ಲಿಗೇ ಚಟ್ ಅಂತ ಮುರಿದು, ಕಿಟಕಿಯ ಜಾಲರಿಗೆ ಸಿಕ್ಕಿಸಿಟ್ಟಿದ್ದರು. ನೀರು ಚೆಲ್ಲಿ ಬಾಟಲಿಯನ್ನು ಮತ್ತೆ ಅದರ ಜಾಗದಲ್ಲಿಟ್ಟಾಗಿತ್ತು. ಪ್ರಾರ್ಥನೆ ಆದ ಮೇಲೆ ಮಕ್ಕಳು ಆ ಕಡ್ಡಿಯನ್ನು ಅಳೆದರು. 62 ಮಿಲಿಮೀಟರ್. ಭಾನುವಾರವೂ ಅವರು ಹೀಗೇ ಮಾಡುತ್ತಾರೆ.

ಅಳೆದ ಕಡ್ಡಿಯನ್ನು ಏನು ಮಾಡುವುದು? ಎರಡನೇ ತರಗತಿಯವನೊಬ್ಬ ಡ್ರಾಯಿಂಗ್ ಶೀಟಿನ ಮೇಲೆ ಅಂಟಿಸಿದ. ಅದರ ಪಕ್ಕ ಮಾರನೇ ದಿನದ್ದು. ತಿಂಗಳ ಕೊನೆಗೆ ನೋಡಿದರೆ ಗೋಡೆಯ ಮೇಲೆ ಉದ್ದ, ಗಿಡ್ಡ ಕಡ್ಡಿಗಳ ಬೇಲಿ. ಸ್ತಂಭಾಲೇಖ ಅಂತ ನಾವು ದೊಡ್ಡ ತರಗತಿಯಲ್ಲಿ ಕಲಿಸುತ್ತೇವಲ್ಲ, ಅದೇ. ಮಿಲಿಮೀಟರ್ ಗೊತ್ತಿಲ್ಲದ ಒಂದನೇ ತರಗತಿಯವರೂ 'ಇವತ್ತು ಜಾಸ್ತಿ', 'ಮೊನ್ನೆ ಕಡಿಮೆ' ಅಂತ ಬೆರಳಿಟ್ಟು ಹೇಳುತ್ತಾರೆ.

ನಾಲ್ಕು, ಐದನೇ ತರಗತಿಯವರಿಗೆ ಶಾಲೆಯ ಮಾಡಿನ, ಅಂದ್ರೆ ಛಾವಣಿಯ ಲೆಕ್ಕ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಮಾಡಿನ ಇಳಿಜಾರು ಲೆಕ್ಕಕ್ಕಿಲ್ಲ, ಹೆಂಚಿನ ನೀರು ಬೀಳುವ ಗೆರೆಯಿಂದ ಗೆರೆಗೆ ನೆಲದ ಮೇಲೆ ಅಳೆದರೆ ಸಾಕು. ನಮ್ಮದು 12 ಮೀಟರ್ ಉದ್ದ, 7 ಮೀಟರ್ ಅಗಲ. ಅಂದ್ರೆ 45 ಮಿಲಿಮೀಟರ್ ಬಂದ ದಿನ 3,780 ಲೀಟರ್. ಕೊಡಕ್ಕೆ 15 ಲೀಟರ್ ಹಿಡಿದರೆ 252 ಕೊಡ. ಏಪ್ರಿಲ್‌ನಲ್ಲಿ ಬಾವಿಯ ತಳ ಕಾಣುವ ಊರು ಇದು. ಅಡುಗೆ ಅಕ್ಕ ಲೆಕ್ಕ ಕೇಳಿ, 'ಅಷ್ಟೂ ಹೊಳೆಗೆ ಹೋತಲ' ಅಂದರು.

ತಪಾಸಣೆಗೆ ಬಂದವರೊಬ್ಬರು ಗೋಡೆ ನೋಡಿ, 'ಪಾಠ ಯಾವಾಗ ಮಾಡ್ತೀರಿ?' ಅಂತ ಕೇಳಿದರು. ನಾನು ನಕ್ಕು ಸುಮ್ಮನಾದೆ. ಉತ್ತರ ಕೊಡಬೇಕಿತ್ತು.

ಊರಿನವರಿಗೆ ಈ ಕಡ್ಡಿ ಬೇರೆಯೇ ಕಾರಣಕ್ಕೆ ಬೇಕು. ಬಿಡದೆ ಸುರಿದರೆ ಅಡಿಕೆಗೆ ಕೊಳೆ ರೋಗ. ಎರಡು ಮೂರು ಕಡ್ಡಿ ಗಿಡ್ಡ ಬಂದರೆ ಕೊಳೆ ಔಷಧಿ ಹೊಡೆಸಲು, ಅಡಿಕೆ ಮರ ಹತ್ತುವ ಕೊನೆಗೌಡರಿಗೆ ಫೋನು ಹೋಗುತ್ತದೆ. ಹಾಲು ಹಾಕಿ ಬರುವವರು ಗೇಟಿನಲ್ಲಿ ನಿಂತು 'ಎಷ್ಟ್ರೋ?' ಅಂತ ಕೇಳುತ್ತಾರೆ. ಬ್ಯಾಗಿಲ್ಲದ ಸಂಭ್ರಮ ಶನಿವಾರದಂದು ಒಬ್ಬ ಅಪ್ಪ ಬಂದು ಬೋರ್ಡೊ, ಅಂದ್ರೆ ಆ ಕೊಳೆ ಔಷಧಿ, ಮಾಡಿ ತೋರಿಸಿದರು. ಒಂದು ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕೆಜಿ ಸುಣ್ಣ, 100 ಲೀಟರ್ ನೀರು. ಮಕ್ಕಳನ್ನು ದೂರವೇ ನಿಲ್ಲಿಸಿದ್ದೆ. ಅವರು ಕತ್ತಿಯ ಅಲಗು ಅದ್ದಿ ತೆಗೆದಾಗ ತಾಮ್ರದ ಕೆಂಪು ಅಂಟಿತ್ತು. 'ಸುಣ್ಣ ಸಾಲ್ದು' ಅಂತ ಮಕ್ಕಳೇ ಕೂಗಿದರು. ಗೊತ್ತಿಲ್ಲದಿದ್ದವಳು ನಾನೊಬ್ಬಳೇ.

ಜುಲೈನಲ್ಲಿ ಗುರುವಾರದಿಂದ ಶನಿವಾರದವರೆಗೆ ಮಳೆ ರಜೆ ಬಂತು. ಸೋಮವಾರ ಹೋದಾಗ ಅಡುಗೆ ಅಕ್ಕ ಬಾಳೆ ನಾರಿನಲ್ಲಿ ಕಟ್ಟಿದ ಕಡ್ಡಿಗಳನ್ನು ಕೊಟ್ಟರು. ಭಾನುವಾರವೂ ಸೇರಿ ನಾಲ್ಕಿರಬೇಕಿತ್ತು, ಇದ್ದಿದ್ದು ಮೂರು. ಯಾವುದು ಯಾವತ್ತಿನದು ಅಂತ ಗುರುತೂ ಇಲ್ಲ. ಮಕ್ಕಳು ಸುತ್ತ ಕೂತು ವಾದಕ್ಕಿಳಿದರು. 'ಉದ್ದದ್ದು ಗುರುವಾರದ್ದು. ಅವತ್ತೇ ಕಾಲುಸಂಕ ಮುಳುಗಿತ್ತು.' 'ಶನಿವಾರ ಬಿಸಿಲು ಬಂದಿತ್ತು, ನಮ್ಮನೆಯಲ್ಲಿ ಹಪ್ಪಳ ಹೊರಗೆ ಹಾಕಿದ್ರು.' ಹಾಗೆ ಮೂರಕ್ಕೂ ಜಾಗ ಸಿಕ್ಕಿತು.

'ಶುಕ್ರವಾರದ್ದು ಎಲ್ಲಿ ಅಕ್ಕಾ?'

'ಮೊಮ್ಮಗ ಒಲೆಗೆ ಹಾಕ್ದ' ಅಂತ ಅಕ್ಕ ಅಡುಗೆ ಮನೆಯಿಂದಲೇ ಕೂಗಿದರು.

ಅಜ್ಜನ ಮನೆಗೆ ಓಡಿ ಅವರ ಲೆಕ್ಕ ತರುತ್ತೇನೆ ಅಂತ ಒಬ್ಬ ಹೊರಟ. ಲಾಳಿಕೆಯ ಹುಡುಗಿ ತಡೆದಳು. 'ಅದು ಅವರ ಮಳೆ.' ಶೀಟಿನಲ್ಲಿ ಗುರುವಾರ, ಶನಿವಾರದ ನಡುವೆ ಜಾಗ ಬಿಟ್ಟು ಪೆನ್ಸಿಲಿನಲ್ಲಿ ಸಣ್ಣಗೆ ಬರೆದಳು: ಒಲೆಗೆ ಹೋಯಿತು.