ಆರ್‌ವಿ-7 ಲಾಗ್: ಎಲಿವೇಟರ್ ಹಾರ್ನ್ ತೂತು, ಸ್ಟಿಕ್, ಅಪ್ಪನ ಬುಶ್

ಮೂರು ತಿಂಗಳಿಂದ ಇವತ್ತು ನಾಳೆ ಅಂತ ತಳ್ಕೊಂಡ್ ಬಂದಿದ್ದ ಕೆಲಸ ಕೊನೆಗೂ ಈ ವೀಕೆಂಡ್ ಆಯ್ತು, ಎಲಿವೇಟರ್ ಹಾರ್ನ್‌ಗಳಿಗೆ ತೂತು ಹೊಡೆದೆ. ಎಲಿವೇಟರ್ ಅಂದ್ರೆ ಲಿಫ್ಟ್ ಅಲ್ಲ, ವಿಮಾನದ ಬಾಲದಲ್ಲಿ ಮೇಲೆ ಕೆಳಗೆ ಆಡೋ ಭಾಗ; ಹಾರ್ನ್ ಅಂದ್ರೆ ಅದನ್ನ ಆಡಿಸೋಕೆ ಅದರಿಂದ ಕೆಳಕ್ಕೆ ಚಾಚಿರೋ ತೋಳು. ಒಂದ್ ತೂತಿಗೆ ಇಷ್ಟೊಂದ್ ಬಿಲ್ಡಪ್ಪಾ ಅಂದ್ಲು ಹೆಂಡತಿ. ಅದು ಒಂಚೂರು ಆಚೀಚೆ ಹೋದ್ರೆ ಹೋದ ಚಳಿಗಾಲ ಪೂರ್ತಿ ಕೂತು ರಿವೆಟ್ ಹೊಡೆದ ಎಲಿವೇಟರ್‌ನ ಮತ್ತೆ ಮೊದಲಿಂದ ಕಟ್ಟಬೇಕು ಕಣೇ ಅಂದೆ, ಹಂಗಾದ್ರೆ ನೀನ್ ಹೊಡೀಬೇಡ ಮಾವಂಗೆ ಕೊಡು ಅಂದ್ಲು. ಆ ವಿಷಯಕ್ಕೆ ಬರ್ತೀನಿ.

ಹೊಸಬರಿಗೆ: ಡಾಲಸ್ ಹತ್ರ ನಮ್ಮನೆ ಗ್ಯಾರೇಜಲ್ಲಿ ವ್ಯಾನ್ಸ್ ಕಂಪನಿಯ ಆರ್‌ವಿ-7 ಕಿಟ್ ಕಟ್ತಾ ಇದೀನಿ, ಅಕ್ಕಪಕ್ಕ ಇಬ್ರು ಕೂರೋ ಅಲ್ಯೂಮಿನಿಯಂ ವಿಮಾನ. ಎಫ್‌ಎಎ (ಅಮೆರಿಕದ ವಿಮಾನಯಾನ ಇಲಾಖೆ) ರೂಲ್ ಪ್ರಕಾರ ಅರ್ಧಕ್ಕಿಂತ ಜಾಸ್ತಿ ಕೆಲಸ ಕಲಿಯೋಕೆ ಅಥವಾ ಹವ್ಯಾಸಕ್ಕೆ ಕಟ್ಟೋರ ಕೈಯಲ್ಲೇ ಆಗಿರ್ಬೇಕು, ಈ ಲಾಗು ಫೋಟೋ ಎಲ್ಲ ಅದಕ್ಕೂ ಸಾಕ್ಷಿ.

ಇದರಲ್ಲಿ ಎಲಿವೇಟರ್‌ಗೆ ಕೇಬಲ್ ಇಲ್ಲ, ಪೂರ್ತಿ ಪುಶ್‌ರಾಡ್, ಅಂದ್ರೆ ತಳ್ಳೋ ಎಳೆಯೋ ರಾಡು. ಸ್ಟಿಕ್ (ಪೈಲಟ್ ಕೈಯಲ್ಲಿ ಹಿಡಿದು ಆಡಿಸೋ ಕೋಲು) ಹಿಂದೆ ಎಳೆದ್ರೆ ಮುಂದಿನ ರಾಡ್ ಹೋಗಿ ಬ್ಯಾಗೇಜ್ ಜಾಗದ ಹಿಂದಿರೋ ಬೆಲ್‌ಕ್ರ್ಯಾಂಕ್ ಅನ್ನೋ ಸನ್ನೆನ ತಿರುಗಿಸುತ್ತೆ, ಅಲ್ಲಿಂದ ಇನ್ನೊಂದು ಉದ್ದನೇ ರಾಡ್ ಬಾಲದ ತನಕ ಹೋಗಿ ಹಾರ್ನ್‌ಗಳನ್ನ ತಳ್ಳುತ್ತೆ. ಕೇಬಲ್ ಇರೋದು ರಡ್ಡರ್‌ಗೆ (ಬಾಲದಲ್ಲಿ ಎಡಕ್ಕೆ ಬಲಕ್ಕೆ ತಿರುಗೋ ಭಾಗ) ಮಾತ್ರ. ಎಡಗಡೆ ಎಲಿವೇಟರ್ ಬೇರೆ, ಬಲಗಡೆದು ಬೇರೆ, ಒಂದೊಂದಕ್ಕೂ ಒಂದೊಂದು ಹಾರ್ನ್, ಎರಡೂ ಮಧ್ಯದಲ್ಲಿರೋ ಒಂದೇ ಬೇರಿಂಗ್‌ಗೆ ಒಂದೇ ಬೋಲ್ಟಲ್ಲಿ ಕೂರ್ಬೇಕು. ಕಿಟ್‌ನಲ್ಲಿ ಆ ತೂತು ಮಾತ್ರ ಹೊಡೆದು ಕಳ್ಸಲ್ಲ, ಯಾಕಂದ್ರೆ ಅದು ಎಲ್ಲಿ ಬೀಳುತ್ತೆ ಅನ್ನೋದು ನಾವು ಹಿಂಜ್ ಹೆಂಗೆ ಸೆಟ್ ಮಾಡಿದೀವಿ ಅನ್ನೋದ್ರ ಮೇಲೆ ಹೋಗುತ್ತೆ.

ಶನಿವಾರ ಬೆಳಗ್ಗೆ ಸ್ಟೆಬಿಲೈಸರ್‌ನ (ಎಲಿವೇಟರ್ ಸಿಕ್ಕಿಸೋ, ಬಾಲದ ಅಲುಗಾಡದ ರೆಕ್ಕೆ) ಬೆಂಚ್ ಮೇಲಿಟ್ಟು ಎಲಿವೇಟರ್ ಎರಡೂ ಸಿಕ್ಕಿಸಿ, ತುದೀಲಿರೋ, ತೂಕ ಸರಿದೂಗಿಸೋ ಕೌಂಟರ್‌ಬ್ಯಾಲೆನ್ಸ್ ತೋಳು ಸ್ಟೆಬಿಲೈಸರ್ ಜೊತೆ ಸಮ ಬರೋ ಹಂಗೆ ಮರದ ಪಟ್ಟಿ ಇಟ್ಟು ಕ್ಲ್ಯಾಂಪ್ ಹಾಕಿದೆ. ಹಿಂದಿನ ಅಂಚು ಎರಡೂ ಒಂದೇ ಗೆರೇಲಿ, ಖುಷಿ ಆಯ್ತು. ಮಧ್ಯ ಬಗ್ಗಿ ನೋಡ್ತೀನಿ, ಹಾರ್ನ್‌ಗಳ ಕೆಳತುದಿ ಒಂದಕ್ಕೊಂದು ಕೂಡ್ತಾ ಇಲ್ಲ, ಸುಮಾರು 2 ಮಿಲಿಮೀಟರ್ ಹಿಂದೆ ಮುಂದೆ! ಎದೆ ಧಸಕ್ ಅಂತು. ಆಮೇಲೆ ಇಲ್ಲಿನ ಏರ್‌ಪೋರ್ಟಲ್ಲಿ ಮೊದಲೇ ಒಂದು ಆರ್‌ವಿ ಕಟ್ಟಿರೋ ಅಜ್ಜ ಒಬ್ರಿಗೆ ಫೋನ್ ಮಾಡಿದ್ರೆ ನಗ್ತಾರೆ, ನಂದೂ ಹಂಗೇ ಇದೆ, ಸುಮಾರು ಜನರದ್ದು ಹಂಗೇ ಅಂತಾರೆ. ಗಾಳಿಗೆ ಕಾಣೋದು ಎಲಿವೇಟರ್, ಹಾರ್ನ್ ಅಲ್ಲ. ಹಂಗಾಗಿ ಎಲಿವೇಟರ್‌ಗಳು ಸಮ ಇರ್ಬೇಕು, ಹಾರ್ನ್ ಎಲ್ಲಿ ನಿಲ್ಲುತ್ತೋ ನಿಲ್ಲಲಿ. ಹಾರ್ನ್ ಸಮ ಮಾಡೋಕೆ ಹೋಗಿ ಎಲಿವೇಟರ್ ತಿರುಚಿಬಿಟ್ರೆ ಒಂದು ಮೇಲೆ ಒಂದು ಕೆಳಗೆ ಇಟ್ಕೊಂಡೇ ಹಾರ್ಬೇಕಾಗುತ್ತೆ.

ಈಗ ಅಪ್ಪ. ಮೈಸೂರಲ್ಲಿ ಫ್ಯಾಕ್ಟ್ರೀಲಿ ಲೇಥ್ ಮೇಲೆ ಜೀವನ ಕಳೆದೋರು, ರಿಟೈರ್ ಆಗಿದಾರೆ, ಎರಡು ತಿಂಗಳಿಗೆ ಅಂತ ಬಂದಿದಾರೆ. ನಾನು ಡ್ರಿಲ್ ಕೈಗೆ ತಗೊಂಡಿದ್ ನೋಡಿ "ಬೇರಿಂಗ್ ಒಳಗೆ ಬರೀ ಬಿಟ್ ತೂರಿಸ್ತೀಯೇನೋ, ಓಡಾಡುತ್ತೆ, ಬುಶ್ ಬೇಕು" ಅಂದ್ರು. ಬುಶ್ ಅಂದ್ರೆ ಒಳಗೆ ಕೂರಿಸೋ ಲೋಹದ ಪುಟ್ಟ ಕೊಳವೆ. ಸರಿ ಅಂತ ಅದೇ ಅಜ್ಜನ ಹ್ಯಾಂಗರಲ್ಲಿ ಲೇಥ್ ಇದೆ, ಇಬ್ರೂ ಹೋದ್ವಿ. ಅಪ್ಪಂಗೆ ಇಂಗ್ಲಿಷ್ ಅಷ್ಟಕ್ಕಷ್ಟೆ, ಅವರಿಗೆ ಕನ್ನಡ ಬರಲ್ಲ, ಆದ್ರೂ ಮೈಕ್ರೋಮೀಟರ್ ಇಟ್ಕೊಂಡು ಒಂದ್ ಗಂಟೆ ಮಾತಾಡಿದ್ರು, ನನ್ನ ಮಧ್ಯಕ್ಕೆ ಬಿಟ್ಕೊಳ್ಳಲೇ ಇಲ್ಲ. ಇಂಚಿನ ಡಯಲ್ ನೋಡಿ ಅಪ್ಪ ಒಂದ್ಸಲ ಹಣೆ ಚಚ್ಕೊಂಡ್ರು ಅಷ್ಟೆ. ಹೊರಗಡೆ ಬೇರಿಂಗ್‌ಗೆ ಟೈಟಾಗಿ ಕೂರೋ, ಒಳಗೆ 1/8 ಇಂಚು ತೂತಿರೋ ಪುಟ್ಟ ಬುಶ್ ರೆಡಿ ಆಯ್ತು. ಅದನ್ನ ಬೇರಿಂಗಲ್ಲಿ ಇಟ್ಟು ಬಲಗಡೆ ಹಾರ್ನ್‌ಗೆ ಒಂದ್ಸಲ, ಎಡಗಡೆಗೆ ಒಂದ್ಸಲ ಬೇರೆ ಬೇರೆಯಾಗಿ ಪೈಲಟ್ ತೂತು (ಮೊದಲ ಸಣ್ಣ ತೂತು), ಆಮೇಲೆ ಬಿಚ್ಚಿ ಸ್ವಲ್ಪ ಸ್ವಲ್ಪ ದೊಡ್ಡದು ಮಾಡಿ ಕೊನೇಲಿ ಸರಿ ಅಳತೆಗೆ ನುಣ್ಣಗೆ ಮಾಡೋ ರೀಮರ್. ಬೋಲ್ಟ್ ಬೆರಳಲ್ಲಿ ತಳ್ಳಿದ್ರೆ ನುಣ್ಣಗೆ ಹೋಯ್ತು. ಪುಶ್‌ರಾಡ್ ಸೇರೋ ಕೆಳಗಿನ ತೂತಿಗೆ ಎರಡು ಹಾರ್ನ್ ಮಧ್ಯ ಮರದ ತುಂಡು ಬಿಗಿದು, ಒಂದರ ತೂತನ್ನೇ ಗೈಡ್ ಮಾಡ್ಕೊಂಡು ಇನ್ನೊಂದಕ್ಕೆ ಇಳಿಸಿದ್ವಿ, ಅಂಚಿಂದ ದೂರ ಸಾಕಷ್ಟು ಉಳೀತು.

ಭಾನುವಾರ ಸ್ಟಿಕ್. ಸ್ಟಿಕ್ ಬುಡದಲ್ಲಿ ಒಂದು ಕಂಚಿನ ಬುಶ್ ಬರುತ್ತೆ, ಅದು ಸ್ಟಿಕ್‌ನ ಪೈಪಿಗಿಂತ ಕೂದಲೆಳೆ ಉದ್ದ ಇರ್ಬೇಕು. ಆಗ ಬೋಲ್ಟ್ ಬಿಗಿದ್ರೆ ಹಿಡಿಯೋದು ಬುಶ್‌ನ, ಸ್ಟಿಕ್ ಅದರ ಸುತ್ತ ಸಲೀಸಾಗಿ ಆಡುತ್ತೆ. ಗಿಡ್ಡ ಆದ್ರೆ ಸ್ಟಿಕ್ಕೇ ಬಿಗಿಯಾಗುತ್ತೆ, ಜಾಸ್ತಿ ಉದ್ದ ಇದ್ರೆ ಲೊಟಲೊಟ. ಅರ ಹಾಕಿ ಉಜ್ಜೋದು, ಜೋಡ್ಸೋದು, ಬಿಚ್ಚೋದು, ಆರು ಸಲ.

ರಾಡ್ ಎಂಡ್‌ಗಳಿಗೆ (ರಾಡ್ ತುದಿಯ ಬೇರಿಂಗ್) ಬೋಲ್ಟ್ ಹಾಕುವಾಗ ಹೊರಗಡೆ ಒಂದು ಅಗಲದ ವಾಷರ್ ಹಾಕಿದೀನಿ, ಬೇರಿಂಗ್‌ನ ಗುಂಡು ಕಿತ್ಕೊಂಡು ಬಂದ್ರೂ ರಾಡ್ ಪೂರ್ತಿ ಕಳಚ್ಕೊಳ್ಳಬಾರದು ಅಂತ. ಹಾರ್ನ್ ಮತ್ತೆ ಬೇರಿಂಗ್ ಮಧ್ಯದ ಸಂದಿಗೆ ತೆಳು ವಾಷರ್ ತುಂಬೋದಿದೆಯಲ್ಲ, ಅದನ್ನ ಕಂಡುಹಿಡಿದೋರು ಸಿಕ್ಕಿದ್ರೆ ನಾಲ್ಕು ಮಾತು ಕೇಳೋದಿದೆ. ಬೆರಳು ಹೋಗಲ್ಲ, ಐಸ್‌ಕ್ಯಾಂಡಿ ಕಡ್ಡಿಗೆ ಟೇಪಲ್ಲಿ ಅಂಟಿಸಿ ತೂರಿಸ್ಬೇಕು. ಒಂದು ಬಾಲದೊಳಗೆ ಟಣ್ ಅಂತ ಬಿತ್ತು. ಪುಣ್ಯಕ್ಕೆ ವಾಷರ್ ಸ್ಟೀಲು, ಬಾಡಿ ಅಲ್ಯೂಮಿನಿಯಂ, ದಾರಕ್ಕೆ ಮ್ಯಾಗ್ನೆಟ್ ಕಟ್ಟಿ ಬಿಟ್ಟು ಇಪ್ಪತ್ತು ನಿಮಿಷದಲ್ಲಿ ಮೀನು ಹಿಡಿದಂಗೆ ಹಿಡಿದೆ. ಎಎನ್3 (3/16 ಇಂಚಿನ ವಿಮಾನದ) ಬೋಲ್ಟ್‌ಗಳಿಗೆ 20ರಿಂದ 25 ಇಂಚ್-ಪೌಂಡ್ ಟಾರ್ಕ್ (ತಿರುಗಿಸಿ ಬಿಗಿಯೋ ಬಲ), ನೈಲಾನ್ ನಟ್ ತಿರುಗೋಕೇ ತಗೊಳ್ಳೋ ಬಲ ಅದರ ಮೇಲೆ ಸೇರಿಸ್ಕೊಬೇಕು. ಬೋಲ್ಟೇ ತಿರುಗೋ ಚಾನ್ಸ್ ಇರೋ ಕಡೆ ನೈಲಾನ್ ನಟ್ ಬೇಡ, ಕ್ಯಾಸಲ್ ನಟ್ (ತುದೀಲಿ ಸೀಳಿರೋ ನಟ್) ಹಾಕಿ, ಅದು ಬಿಚ್ಕೊಳ್ಳದಂಗೆ ಅಡ್ಡ ಕಾಟರ್ ಪಿನ್.

ಸಂಜೆ ಬಾಲ ಎಲ್ಲ ತಾತ್ಕಾಲಿಕವಾಗಿ ವಿಮಾನದ ಬಾಡಿ ಮೇಲೆ ಕೂರಿಸಿ ರಾಡ್ ಕೂಡಿಸಿದೆ. ಡಿಜಿಟಲ್ ಲೆವೆಲ್ ಇಟ್ಟು ನೋಡಿದ್ರೆ ಎಲಿವೇಟರ್ ಆಡೋದು ಮೇಲಕ್ಕೆ 28 ಡಿಗ್ರಿ (25ರಿಂದ 30 ಇರ್ಬೇಕು), ಕೆಳಕ್ಕೆ 22 (20ರಿಂದ 25). ಅಪ್ಪಂಗೆ ಒಳಗೆ ಕೂರ್ಬೇಕು ಅನ್ಸಿತ್ತು, ಸೀಟ್ ಇನ್ನೂ ಇಲ್ಲ, ದಿಂಬು ಹಾಕಿ ಕೂರಿಸಿದೆ. ಸ್ಟಿಕ್ ಹಿಡ್ಕೊಂಡು ಹಿಂದೆ ಮುಂದೆ ಆಡಿಸ್ತಾ ಕತ್ತು ತಿರುಗಿಸಿ ಬಾಲ ನೋಡ್ತಾ ನಗ್ತಾ ಇದ್ರು. ಹತ್ತನೇ ಸಲವೋ ಏನೋ, ನಗು ನಿಲ್ಲಿಸಿ "ಪೂರ್ತಿ ಎಳೆದಾಗ ಎಲ್ಲೋ ಉಜ್ತಾ ಇದೆ, ಕೇಳ್ಸ್ಕೋ" ಅಂದ್ರು. ನಂಗೆ ಕೇಳ್ಸಲಿಲ್ಲ. ಟಾರ್ಚ್ ಹಾಕಿ ತೂರಿ ನೋಡಿದ್ರೆ ನಿಜ, ಉದ್ದನೇ ರಾಡು ಒಂದು ಬಲ್ಕ್‌ಹೆಡ್‌ನ (ಬಾಡಿ ಒಳಗಿನ ಅಡ್ಡಗೋಡೆ) ತೂತಿನ ಅಂಚಿಗೆ ತಾಕಿ ಪ್ರೈಮರ್ ಮೇಲೆ ಗೆರೆ ಬಿದ್ದಿದೆ. ಮುಂದಿನ ಶನಿವಾರ ಅದನ್ನ ಬಿಚ್ಚಬೇಕು. ವಾಷರ್ ಎಲ್ಲ ಮತ್ತೆ.