ಹಳೆಯ ಸ್ಪಿಟ್‌ಫೈರ್‌ನ ಮುಂದಿನ ಗಾಲಿಗಳು: ದಾರ, ಒಳಂಬ ಮತ್ತು ನಾಲ್ಕು ಚೀಲ ಅಕ್ಕಿ

ಒಂದೇ ವರ್ಷದಲ್ಲಿ ಮೂರು ಸಲ ಗಾಲಿಗಳ ಕೋನ ಹೊಂದಿಸುವ ಅಲೈನ್‌ಮೆಂಟ್ ಮಾಡಿಸಿದ ಮೇಲೂ ನನ್ನ ಟ್ರಯಂಫ್ ಸ್ಪಿಟ್‌ಫೈರ್ ಎಡಕ್ಕೆ ಎಳೆಯುವುದನ್ನು ಬಿಟ್ಟಿರಲಿಲ್ಲ. ಬಳ್ಳಾರಿಯ ಒಂದು ಅಂಗಡಿಯಲ್ಲಿ ಪ್ರತಿ ಸಲವೂ ಕಂಪ್ಯೂಟರಿನ ಪರದೆಯ ಮೇಲೆ ಅಂಕಿಗಳು ಹಸಿರು ಬಣ್ಣಕ್ಕೆ ತಿರುಗಿ, ಅವುಗಳ ಮುದ್ರಿತ ಹಾಳೆ ನನ್ನ ಕೈಗೆ ಬರುತ್ತಿತ್ತು. ಪ್ರತಿ ಸಲವೂ ಊರು ದಾಟಿ ತೋರಣಗಲ್ಲಿನ ದಾರಿ ಹಿಡಿಯುವಷ್ಟರಲ್ಲಿ ಸ್ಟೇರಿಂಗನ್ನು ಬಲಕ್ಕೆ ಹಿಡಿದುಕೊಂಡೇ ಓಡಿಸಬೇಕಾಗುತ್ತಿತ್ತು. ಮೂರನೆಯ ಸಲ ಹುಡುಗನ ಪಕ್ಕದಲ್ಲಿಯೇ ನಿಂತು ನೋಡಿದಾಗ, ಪಟ್ಟಿಯಲ್ಲಿ ನನ್ನ ಕಾರಿನ ಹೆಸರು ಇಲ್ಲದ ಕಾರಣ ಅವನು ಗಾತ್ರದಲ್ಲಿ ಹತ್ತಿರವೆನಿಸಿದ ಇನ್ನಾವುದೋ ಸಣ್ಣ ಕಾರನ್ನು ಆರಿಸಿ, ಅದರ ಅಂಕಿಗಳಿಗೆ ನನ್ನ ಗಾಲಿಗಳನ್ನು ಹೊಂದಿಸುತ್ತಿದ್ದುದು ತಿಳಿಯಿತು. ಅವನನ್ನು ಬೈಯುವುದಕ್ಕೆ ಮನಸ್ಸು ಬರಲಿಲ್ಲ. ಆದರೆ ಉಳಿದ ಕೆಲಸವನ್ನು ಮನೆಯಲ್ಲಿಯೇ ಮಾಡಬೇಕೆಂದು ಅಂದೇ ತೀರ್ಮಾನಿಸಿದೆ.

ಸ್ಪಿಟ್‌ಫೈರ್ 1962ರಿಂದ 1980ರವರೆಗೆ ಇಂಗ್ಲೆಂಡಿನಲ್ಲಿ ತಯಾರಾದ ಎರಡು ಸೀಟಿನ ಕಾರು. ಅದರ ಮೈಕಟ್ಟನ್ನು ರೂಪಿಸಿದವರು ಇಟಲಿಯ ಜೋವಾನ್ನಿ ಮಿಕೆಲೊಟ್ಟಿ. ಆದರೆ ಮೈಯ ಕೆಳಗಿರುವ ಮುಂದಿನ ಸಸ್ಪೆನ್ಷನ್ ಬಹುಮಟ್ಟಿಗೆ ಟ್ರಯಂಫ್ ಹೆರಾಲ್ಡಿನದು. ಅದೇ ಹೆರಾಲ್ಡ್ 1961ರಿಂದ ಮದರಾಸಿನಲ್ಲಿ ಸ್ಟ್ಯಾಂಡರ್ಡ್ ಹೆರಾಲ್ಡ್ ಎಂಬ ಹೆಸರಿನಲ್ಲಿ ತಯಾರಾಗುತ್ತಿದ್ದುದರಿಂದ, ಸ್ಪಿಟ್‌ಫೈರ್ ಅನ್ನು ಕಣ್ಣಿನಿಂದಲೂ ನೋಡಿರದ ನಮ್ಮ ಕಡೆಯ ಹಿರಿಯ ಮಿಸ್ತ್ರಿಗಳು ಅದರ ಕೆಳಭಾಗವನ್ನು ಕಂಡೊಡನೆ ಗುರುತು ಹಿಡಿಯುತ್ತಾರೆ. ಕೌಲ್ ಬಜಾರಿನ ಕಡೆಯ ಒಬ್ಬ ವಯಸ್ಸಾದ ಫಿಟ್ಟರ್ ಹೀಗೆಯೇ ಗುರುತು ಹಿಡಿದರು. ಸ್ಪಿಟ್‌ಫೈರ್‌ನ ಬಾನೆಟ್ ರೆಕ್ಕೆಗಳ ಸಮೇತ ಇಡಿಯಾಗಿ ಮುಂದಕ್ಕೆ ಮಗುಚಿಕೊಳ್ಳುವುದರಿಂದ ಟೈರಿನ ಮೇಲೆಯೇ ಕುಳಿತು ಕೆಲಸ ಮಾಡಬಹುದು. ಆ ಫಿಟ್ಟರ್ ಚಾಚಾ ಹಾಗೆಯೇ ಕುಳಿತು, ಎಣ್ಣೆ ಒತ್ತುವ ಕೆಳಗಿನ ನಿಪ್ಪಲ್‌ನ ಬಾಯಲ್ಲಿದ್ದ ಕಪ್ಪು ಗಟ್ಟಿಯನ್ನು ಬೆರಳಿನಿಂದ ತೆಗೆದು ತೋರಿಸಿದರು. "ಗ್ರೀಸ್ ಹಾಕ್ಯಾರ ನೋಡ್ರಿ ಸರ. ಇದಕ್ಕ ಗೇರ್ ಆಯಿಲ್ ಹಾಕ್ಬೇಕು."

ಅವರು ತೋರಿಸಿದ್ದು ಟ್ರನಿಯನ್. ಗಾಲಿಯನ್ನು ಹೊತ್ತ ಉಕ್ಕಿನ ನಿಲುಗಂಬದ ಕೆಳತುದಿಯಲ್ಲಿ ಥ್ರೆಡ್ ಇದ್ದು, ಅದು ಕಂಚಿನ ಟ್ರನಿಯನ್‌ನೊಳಗೆ ಕುಳಿತಿರುತ್ತದೆ. ಸ್ಟೇರಿಂಗ್ ತಿರುಗಿಸಿದಾಗ ನಿಲುಗಂಬವು ಆ ಥ್ರೆಡ್‌ನಲ್ಲಿಯೇ ತಿರುಗುತ್ತದೆ. ಎಡ ಬಲಗಳ ಥ್ರೆಡ್ ಬೇರೆ ಬೇರೆಯಾದ್ದರಿಂದ ಒಂದನ್ನು ಇನ್ನೊಂದರ ಜಾಗಕ್ಕೆ ಹಾಕಲು ಬರುವುದಿಲ್ಲ. ಇಲ್ಲಿಗೆ ಇ.ಪಿ. 90 ಗೇರ್ ಎಣ್ಣೆಯನ್ನೇ ಕೊಡಬೇಕು. ಗ್ರೀಸ್ ಥ್ರೆಡ್‌ನ ಸಂದಿಗಳಿಗೆ ಇಳಿಯದೆ ಮೇಲೆಯೇ ಗಟ್ಟಿಯಾಗಿ ನಿಲ್ಲುತ್ತದೆ, ಕೆಳಗೆ ನೀರು ಸೇರಿ ಉಕ್ಕು ತುಕ್ಕು ಹಿಡಿಯುತ್ತದೆ, ಕೊನೆಗೆ ನಿಲುಗಂಬ ಬುಡದಲ್ಲಿ ಮುರಿದು ಗಾಲಿ ಮಡಚಿ ಬೀಳುವುದೂ ಉಂಟು. ನನ್ನದರಲ್ಲಿ ತುಕ್ಕು ಇನ್ನೂ ಆಳಕ್ಕೆ ಇಳಿದಿರಲಿಲ್ಲ. ಹಳೆಯ ಗ್ರೀಸನ್ನು ಸೀಮೆಎಣ್ಣೆಯಲ್ಲಿ ತೊಳೆದು, ಗ್ರೀಸ್ ಗನ್ನಿಗೆ ಗೇರ್ ಎಣ್ಣೆ ತುಂಬಿ, ಅದು ಅಂಚಿನಿಂದ ಒಸರುವವರೆಗೆ ಒತ್ತಿದೆವು. ಅದಿರಿನ ಕೆಂಪು ಧೂಳು ಕುಳಿತ ನಮ್ಮ ರಸ್ತೆಗಳಲ್ಲಿ ಈ ಕೆಲಸವನ್ನು ಪುಸ್ತಕದಲ್ಲಿ ಹೇಳಿದ್ದಕ್ಕಿಂತ ಬೇಗ ಬೇಗ ಮಾಡಬೇಕೆಂಬುದು ನನ್ನ ಅಭಿಪ್ರಾಯ.

ಅದಕ್ಕಿಂತ ದೊಡ್ಡ ದೋಷ ಒಳಬದಿಯಲ್ಲಿತ್ತು. ಎಡಗಡೆಯ ಕೆಳ ವಿಶ್‌ಬೋನ್‌ನ, ಅಂದರೆ ಗಾಲಿಯನ್ನು ಚಾಸಿಗೆ ಜೋಡಿಸುವ ಕವಲು ತೋಳಿನ, ರಬ್ಬರ್ ಬುಷ್‌ಗಳು ಎಷ್ಟು ಸವೆದಿದ್ದವೆಂದರೆ, ಸನ್ನೆಕೋಲನ್ನು ಆನಿಸಿ ಒತ್ತಿದರೆ ತೋಳು ಹಿಂದೆ ಮುಂದೆ ಸರಿಯುವುದು ಬರಿಗಣ್ಣಿಗೆ ಕಾಣುತ್ತಿತ್ತು. ಅಂಗಡಿಯ ಯಂತ್ರ ಅಳೆದದ್ದು ನಿಂತ ಕಾರನ್ನು. ಓಡುವಾಗ ರಸ್ತೆಯ ಎಳೆತಕ್ಕೆ ತೋಳು ಹಿಂದಕ್ಕೆ ಸರಿದರೆ ಆ ಹಸಿರು ಅಂಕಿಗಳಲ್ಲಿ ಯಾವುದೂ ಉಳಿಯುವುದಿಲ್ಲ. ಬುಷ್‌ಗಳನ್ನು ಹೊಸದಾಗಿ ಹಾಕಿ, ಅವುಗಳ ಬೋಲ್ಟುಗಳನ್ನು ಕಾರು ತನ್ನ ಭಾರದ ಮೇಲೆ ನಿಂತ ನಂತರವೇ ಬಿಗಿ ಮಾಡಿದೆವು. ಜಾಕಿನ ಮೇಲೆ ಗಾಲಿ ಜೋತಾಡುವಾಗ ಬಿಗಿದರೆ, ಕೆಳಗಿಳಿಸಿದ ಕ್ಷಣದಿಂದಲೇ ರಬ್ಬರು ತಿರುಚಿಕೊಂಡು ಬೇಗ ಹರಿಯುತ್ತದೆ.

ಇಷ್ಟಾದ ಮೇಲೆ ಅಳತೆಯ ಮಾತು. ನಮ್ಮ ಮನೆ ಎರೆಮಣ್ಣಿನ ನೆಲದ ಮೇಲಿದೆ. ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುವ ಆ ಮಣ್ಣು ಶೆಡ್ಡಿನ ಸಿಮೆಂಟು ನೆಲವನ್ನು ಎಂದೂ ಸಮವಾಗಿ ಇರಗೊಟ್ಟಿಲ್ಲ. ಗಾರೆ ಕೆಲಸದವರ ನೀರಿನ ಪೈಪಿನಿಂದ ಮಟ್ಟ ನೋಡಿದಾಗ ಮುಂದಿನ ಎರಡು ಗಾಲಿಗಳ ಜಾಗಕ್ಕೆ 11 ಮಿ.ಮೀ. ವ್ಯತ್ಯಾಸವಿತ್ತು. ಗಾಲಿಗಳ ನಡುವಿನ ಅಗಲ 1245 ಮಿ.ಮೀ. ಆದ್ದರಿಂದ ಅದು ಅರ್ಧ ಡಿಗ್ರಿಯ ವಾಲು. ಕ್ಯಾಂಬರ್, ಅಂದರೆ ಗಾಲಿಯ ಮೇಲ್ಭಾಗ ಒಳಕ್ಕೋ ಹೊರಕ್ಕೋ ವಾಲಿದ ಕೋನ, ಅಳೆಯುವವನಿಗೆ ಅದು ಸಣ್ಣ ತಪ್ಪಲ್ಲ. ಪ್ಲೈವುಡ್ ತುಂಡುಗಳಿಂದ ತಗ್ಗನ್ನು ತುಂಬಿ, ಅದರ ಮೇಲೆ ಪ್ರತಿ ಗಾಲಿಗೆ ಎರಡರಂತೆ ಕುಷ್ಟಗಿ ಕಡೆಯ ಪಾಲಿಶ್ ಗ್ರಾನೈಟ್ ತುಂಡುಗಳನ್ನು ನುಣುಪು ಮೈಗಳು ಒಂದಕ್ಕೊಂದು ತಾಗುವಂತೆ, ನಡುವೆ ಗ್ರೀಸ್ ಸವರಿ ಇರಿಸಿದೆ. ಗಾಲಿ ಯಾವ ಅಡ್ಡಿಯೂ ಇಲ್ಲದೆ ತಿರುಗಲು ದುಬಾರಿ ಟರ್ನ್‌ಟೇಬಲ್ ಬೇಕಾಗಿಲ್ಲ.

ಕೈಪಿಡಿಯ ಅಂಕಿಗಳು ಪ್ರತಿ ಸೀಟಿನಲ್ಲಿ 68 ಕೆ.ಜಿ. ಭಾರವಿದ್ದಾಗಿನವು. ಸಿರುಗುಪ್ಪದ ಸೋನಾ ಮಸೂರಿಯ 25 ಕೆ.ಜಿ. ಚೀಲಗಳನ್ನು ಸೀಟಿಗೆ ಎರಡರಂತೆ ಇಟ್ಟು, ಉಳಿದ 18 ಕೆ.ಜಿ.ಗೆ ಜೋಳ ತುಂಬಿದೆ. "ಅಕ್ಕಿ ಚೀಲ ಕಾರಾಗ ಕುಂದ್ರಿಸಿ ಎಲ್ಲಿಗೆ ಹೊಂಟಿಯಪ್ಪಾ?" ಎಂದು ಅವ್ವ ಕೇಳಿದಳು, ಅಳತೆ ಮುಗಿಯುವವರೆಗೆ ಒಳಗಿನಿಂದ ಒಂದು ಸೇರು ಅಕ್ಕಿಯನ್ನೂ ತೆಗೆಯಕೂಡದೆಂದು ನಾನು ಹೇಳಿದ್ದು ಅವಳಿಗೆ ಹಿಡಿಸಲಿಲ್ಲ.

ದಾರಕ್ಕೆ ತೂಕ ಕಟ್ಟಿದ ಒಳಂಬವನ್ನು ಗಾಲಿಯ ಹೊರಬದಿಗೆ ಇಳಿಬಿಟ್ಟು ರಿಮ್ಮಿನ ಮೇಲಂಚಿಗೂ ಕೆಳಅಂಚಿಗೂ ಇರುವ ದೂರವನ್ನು ಅಳೆದರೆ ಕ್ಯಾಂಬರ್ ಸಿಗುತ್ತದೆ, 340 ಮಿ.ಮೀ. ಎತ್ತರಕ್ಕೆ 12 ಮಿ.ಮೀ. ವ್ಯತ್ಯಾಸವೆಂದರೆ ಎರಡು ಡಿಗ್ರಿ. ಅದು ಎರಡೂ ಕಡೆ ಸುಮಾರಾಗಿ ಒಂದೇ ಇತ್ತು. ಗುಟ್ಟು ಇದ್ದದ್ದು ಕ್ಯಾಸ್ಟರ್‌ನಲ್ಲಿ, ಅಂದರೆ ಬದಿಯಿಂದ ನೋಡಿದಾಗ ನಿಲುಗಂಬ ಹಿಂದಕ್ಕೆ ವಾಲಿದ ಕೋನದಲ್ಲಿ. ಗಾಲಿಯನ್ನು ಹೊರಕ್ಕೆ 20 ಡಿಗ್ರಿ, ಒಳಕ್ಕೆ 20 ಡಿಗ್ರಿ ತಿರುಗಿಸಿ, ಎರಡು ಸ್ಥಿತಿಗಳ ಕ್ಯಾಂಬರ್ ವ್ಯತ್ಯಾಸವನ್ನು ಒಂದೂವರೆಯಿಂದ ಗುಣಿಸಿದರೆ ಕ್ಯಾಸ್ಟರ್ ಬರುತ್ತದೆ. ಬಲಗಡೆ ನಾಲ್ಕೂವರೆ ಡಿಗ್ರಿ ಬಂತು, ಎಡಗಡೆ ಎರಡೂವರೆ ಮಾತ್ರ. ಕ್ಯಾಸ್ಟರ್ ಕಡಿಮೆ ಇರುವ ಕಡೆಗೆ ಕಾರು ಎಳೆಯುತ್ತದೆ. ಮೂರು ಹಾಳೆಗಳಲ್ಲಿ ಕಾಣದಿದ್ದ ಕಾರಣ ಇದೇ.

ಕೆಳ ವಿಶ್‌ಬೋನ್‌ನ ಬ್ರಾಕೆಟ್‌ಗಳಿಗೂ ಚಾಸಿಗೂ ನಡುವೆ ಶಿಮ್ ಎಂಬ ತೆಳು ಉಕ್ಕಿನ ಹಾಳೆಗಳಿರುತ್ತವೆ. ಎರಡೂ ಬ್ರಾಕೆಟ್‌ಗಳಿಗೆ ಸಮನಾಗಿ ಶಿಮ್ ಸೇರಿಸಿದರೆ ಗಾಲಿಯ ಬುಡ ಹೊರಕ್ಕೆ ಸರಿದು ಪಾಸಿಟಿವ್ ಕ್ಯಾಂಬರ್ (ಮೇಲ್ಭಾಗ ಹೊರಕ್ಕೆ ವಾಲಿರುವುದು) ತಗ್ಗುತ್ತದೆ. ಹಿಂದಿನ ಬ್ರಾಕೆಟ್‌ಗೆ ಮಾತ್ರ ಸೇರಿಸಿದರೆ ತೋಳಿನ ಹೊರತುದಿ ಮುಂದಕ್ಕೆ ಹೊರಳಿ ಕ್ಯಾಸ್ಟರ್ ಹೆಚ್ಚುತ್ತದೆ. ನನ್ನ ಎಡಗಡೆ ಮುಂದಿನ ಬ್ರಾಕೆಟ್‌ನಲ್ಲಿ ಎರಡು ಶಿಮ್ ಇದ್ದವು, ಹಿಂದಿನದರಲ್ಲಿ ಒಂದೂ ಇರಲಿಲ್ಲ. ಹಿಂದೆ ಯಾವಾಗಲೋ ಬಿಚ್ಚಿ ಜೋಡಿಸಿದವರು ಕೈಗೆ ಬಂದದ್ದನ್ನು ಬಂದ ಕಡೆ ಸೇರಿಸಿದ್ದಿರಬೇಕು. ಒಂದನ್ನು ಮುಂದಿನಿಂದ ತೆಗೆದು ಹಿಂದಕ್ಕೆ ಹಾಕಿದೆ. ಕ್ಯಾಂಬರ್ ಹೆಚ್ಚು ಕದಲಲಿಲ್ಲ, ಕ್ಯಾಸ್ಟರ್ ನಾಲ್ಕು ಡಿಗ್ರಿ ದಾಟಿತು.

ಟೋ ಇನ್, ಅಂದರೆ ಮುಂದಿನ ಎರಡು ಗಾಲಿಗಳ ಮುಂಭಾಗ ತುಸು ಒಳಕ್ಕೆ ತಿರುಗಿರುವುದು, ಕೊನೆಗೆ ಉಳಿಯಬೇಕಾದ ಕೆಲಸ, ಏಕೆಂದರೆ ಶಿಮ್ ಮುಟ್ಟಿದಾಗಲೆಲ್ಲ ಅದು ಕೆಡುತ್ತದೆ. ಕಾರಿನ ಮುಂದೆಯೂ ಹಿಂದೆಯೂ ಸಮ ಉದ್ದದ ಪೈಪುಗಳನ್ನಿಟ್ಟು, ಎರಡೂ ಬದಿಗೆ ಗಾಲಿಯ ನಡುಮಟ್ಟದಲ್ಲಿ ಮೀನಿನ ಗಾಳದ ನೈಲಾನ್ ದಾರ ಬಿಗಿದೆ. ದಾರವನ್ನು ಹಿಂದಿನ ಗಾಲಿಗೆ ತಾಗಿಸಿ ಬಿಗಿಯುವವರು ಇಲ್ಲಿ ಮೋಸ ಹೋಗುತ್ತಾರೆ: ನನ್ನದರಂತಹ ಹಳೆಯ ಮಾದರಿಗಳಲ್ಲಿ ಹಿಂದಿನ ಅಗಲ ಮುಂದಿನದಕ್ಕಿಂತ ಒಂದು ಇಂಚು ಕಡಿಮೆ, ಆದ್ದರಿಂದ ಹಿಂದಿನ ಗಾಲಿಯ ಹಬ್ಬಿನಿಂದ ದಾರಕ್ಕೆ ಪ್ರತಿ ಬದಿಯಲ್ಲೂ ಅರ್ಧ ಇಂಚು ಹೆಚ್ಚು ದೂರವಿರಬೇಕು. ಬೇಕಾದದ್ದು ಸೊನ್ನೆಯಿಂದ 1.6 ಮಿ.ಮೀ.ವರೆಗಿನ ಟೋ ಇನ್, ಅದೂ ರಿಮ್ಮಿನಲ್ಲಿ ಅಳೆದಾಗ. ಅದೇ ಕೋನವನ್ನು ಟೈರಿನ ಮೈಯಲ್ಲಿ ಅಳೆದರೆ ಎರಡೂವರೆ ಮಿ.ಮೀ. ದಾಟುತ್ತದೆ. ರಿಮ್ಮು ಸ್ವಲ್ಪ ಸೊಟ್ಟಗಿದ್ದರೂ ತಪ್ಪಾಗದಂತೆ, ಮುಂದಿನ ಅಳತೆಯ ಜಾಗಕ್ಕೆ ಸುಣ್ಣದ ಗುರುತು ಹಾಕಿ, ಕಾರನ್ನು ಅರ್ಧ ಸುತ್ತು ತಳ್ಳಿ, ಅದೇ ಗುರುತು ಹಿಂದಕ್ಕೆ ಬಂದಾಗ ಮತ್ತೆ ಅಳೆದೆ. ಬಳಿಕ ಸ್ಟೇರಿಂಗಿನ ರ‍್ಯಾಕನ್ನು ನಡುವಿನಲ್ಲಿ ನಿಲ್ಲಿಸಿ, ಅದನ್ನು ಗಾಲಿಗಳಿಗೆ ಜೋಡಿಸುವ ಎರಡೂ ಟೈ ರಾಡ್‌ಗಳನ್ನು ಸಮನಾಗಿ ತಿರುಗಿಸಿ, 1 ಮಿ.ಮೀ.ಗೆ ತಂದು ಲಾಕ್ ನಟ್ ಬಿಗಿದೆ.

ಮರುದಿನ ಬೆಳಗಿನ ಜಾವ ಲಾರಿಗಳು ಏಳುವ ಮೊದಲೇ ಸಿರುಗುಪ್ಪದ ರಸ್ತೆಗೆ ಹೋದೆ. ರಸ್ತೆಯ ಎಡ ಇಳಿಜಾರು ಕೂಡ ಕಾರನ್ನು ಎಡಕ್ಕೆ ಒಯ್ಯುವುದರಿಂದ, ದಾರಿ ಖಾಲಿಯಿದ್ದಲ್ಲಿ ನಡುಗೆರೆಯ ಮೇಲೆ ನಡೆಸಿ, ಗಂಟೆಗೆ 60 ಕಿ.ಮೀ. ವೇಗದಲ್ಲಿ ಕೈಯನ್ನು ಸ್ಟೇರಿಂಗಿನ ಮೇಲೆ ಸುಮ್ಮನೆ ಇಟ್ಟು ನೋಡಿದೆ. ಕಾರು ನೇರವಾಗಿ ಹೋಯಿತು. ಸ್ಟೇರಿಂಗಿನ ಕಡ್ಡಿ ಮಾತ್ರ ಬಲಕ್ಕೆ ಬೆರಳಷ್ಟು ವಾಲಿದೆ. ಸ್ಟೇರಿಂಗ್ ಚಕ್ರವನ್ನು ಬಿಚ್ಚಿ ಒಂದು ಹಲ್ಲು ಆಚೆ ಕೂರಿಸಿದರೆ ಅದು ಸರಿಹೋಗುತ್ತದೆ, ಟೈ ರಾಡನ್ನು ಇನ್ನು ಮುಟ್ಟುವುದಿಲ್ಲ.